ಸದ್ದು ಅಡಗಿಸಬೇಡಿ, ಜಾಗ ಹುಡುಕಿ

ಈ ವಾರ ಕ್ಲಚ್ ಪ್ಲೇಟಿನ ಬಾಳಿಕೆಯ ಬಗ್ಗೆ ಬರೆಯುತ್ತೇನೆಂದು ಹೇಳಿದ್ದೆ. ಅದು ಮುಂದಿನ ವಾರಕ್ಕಿರಲಿ. ಸೋಮವಾರ ಬೆಳಿಗ್ಗೆ ಬಂಗಾರಪೇಟೆಯಲ್ಲಿ ಕೇಳಿದ ಒಂದು ಟಿಕ್ ಟಿಕ್ ಸದ್ದು ಇನ್ನೂ ಕಿವಿಯಲ್ಲಿದೆ. ಅದನ್ನು ಬರೆದು ಮುಗಿಸದೆ ಬೇರೆ ವಿಷಯಕ್ಕೆ ಕೈ ಹೋಗುತ್ತಿಲ್ಲ.

ಬೂದಿಕೋಟೆ ಕಡೆಯ ಹುಡುಗ. ಕೋಲಾರದ ಎಪಿಎಂಸಿಗೆ ಟೊಮೆಟೊ ಬಾಡಿಗೆ ಹೊಡೆಯುವ ಡೀಸೆಲ್ ಪಿಕಪ್ ಅವನದು. ಹದಿನೈದು ದಿನದಿಂದ ಸದ್ದು. ಮೊದಲು ಹೋದ ಗ್ಯಾರೇಜಿನವರು ಟ್ಯಾಪೆಟ್ ಎಂದರು, ಎರಡು ಸಲ ಬಿಗಿ ಮಾಡಿದರು. ಎರಡನೆಯವರು ಸ್ಕ್ಯಾನರ್ ಹಾಕಿ, ಕೋಡ್ ಏನೂ ಬರುತ್ತಿಲ್ಲ, ಓಡಿಸು ಎಂದರು. ಮೂರನೆಯವರು ದಪ್ಪ ಆಯಿಲ್ ತುಂಬಿದರು. ಸದ್ದು ಹೋಗಲಿಲ್ಲ.

“ಇಂಜಿನ್ ಬಿಚ್ಬೇಕು ಅಂತಿದಾರೆ ಅಣ್ಣ. ಸೀಸನ್‌ನಲ್ಲಿ ಗಾಡಿ ನಿಂತ್ರೆ ಕಂತು ಹೆಂಗೆ ಕಟ್ಲಿ?” ಎಂದು ಭಾನುವಾರ ರಾತ್ರಿ ಫೋನ್ ಮಾಡಿದ.

“ನಾನು ಬರೋವರೆಗೂ ಸ್ಟಾರ್ಟ್ ಮಾಡ್ಬೇಡಪ್ಪ, ಅಷ್ಟೇ” ಎಂದೆ.

ಈ ಅಂಕಣ ಓದುವವರಿಗೆ ಆ ಮಾತಿನ ಅರ್ಥ ಗೊತ್ತು. ತಣ್ಣಗಿರುವ ಇಂಜಿನ್ನಿನ ಮೊದಲ ಎರಡು ನಿಮಿಷ ಹೇಳುವಷ್ಟನ್ನು ಬಿಸಿ ಇಂಜಿನ್ ಇಡೀ ದಿನ ಓಡಿಸಿದರೂ ಹೇಳುವುದಿಲ್ಲ.

ಆಯಿಲ್ ಗೇಜು ನೋಡಿದೆ, ಮಟ್ಟ ಸರಿಯಿತ್ತು. ಸ್ಟಾರ್ಟ್ ಮಾಡಿಸಿದೆ. ಚುರುಕಾದ, ಒಣಗಿದ ಟಿಕ್ ಟಿಕ್. ಐಡ್ಲಿಂಗ್‌ನಲ್ಲಿ ಇಂಜಿನ್ ನಿಮಿಷಕ್ಕೆ 800 ಸುತ್ತು ತಿರುಗಿದರೆ ಕ್ಯಾಮ್‌ಶಾಫ್ಟ್ ತಿರುಗುವುದು 400 ಸುತ್ತು ಮಾತ್ರ. ಒಂದೇ ವಾಲ್ವ್ ಬಡಿದರೆ ನಿಮಿಷಕ್ಕೆ 400 ಬಡಿತ, ಅಂದರೆ ಸೆಕೆಂಡಿಗೆ ಆರೇಳು. ಎಣಿಸಲು ಆಗದು, ಆದರೆ ತಾಳ ಕಿವಿಗೆ ಸಿಗುತ್ತದೆ. ಪುಲ್ಲಿ, ಫ್ಲೈವೀಲ್‌ಗಳ ಸದ್ದು ಇದರ ದುಪ್ಪಟ್ಟು ವೇಗದ್ದು. ಇಲ್ಲಿದ್ದದ್ದು ಅರ್ಧ ತಾಳ. ಹಾಗಾದರೆ ಟ್ಯಾಪೆಟ್ಟೇ?

ಎಲ್ಲರೂ ಎಡವುವುದು ಇಲ್ಲೇ. ನಾಲ್ಕು ಸ್ಟ್ರೋಕಿನ ಇಂಜಿನ್ನಿನಲ್ಲಿ ಒಂದೊಂದು ಸಿಲಿಂಡರ್ ಹೊಗೆ ಬಿಡುವುದೂ ಎರಡು ಸುತ್ತಿಗೆ ಒಂದೇ ಸಲ. ಎಗ್ಸಾಸ್ಟ್ ಮ್ಯಾನಿಫೋಲ್ಡಿನ ಪ್ಯಾಕಿಂಗ್ ಒಂದು ಕಡೆ ಬಿಟ್ಟಿದ್ದರೆ ಅದರ ತಾಳವೂ ಟ್ಯಾಪೆಟ್ಟಿನ ತಾಳವೂ ಒಂದೇ. ತಾಳದಿಂದ ಇವೆರಡನ್ನು ಬೇರೆ ಮಾಡಲಾಗದು; ಬಿಸಿ ಮತ್ತು ಭಾರದಿಂದ ಮಾಡಬೇಕು. ಸೋರುವ ಮ್ಯಾನಿಫೋಲ್ಡ್ ತಣ್ಣಗಿದ್ದಾಗ ಕೂಗುತ್ತದೆ. ಬಿಸಿಯಾಗಿ ಎರಕದ ಕಬ್ಬಿಣ ಹಿಗ್ಗಿದಂತೆ ಸಂದು ಮುಚ್ಚಿಕೊಂಡು ಸದ್ದು ತಗ್ಗುತ್ತದೆ. ಲೋಡು ಹಾಕಿ ದಿಬ್ಬ ಹತ್ತುವಾಗ ಮತ್ತೆ ಜೋರಾಗುತ್ತದೆ. ಟ್ಯಾಪೆಟ್ಟಿಗೆ ಲೋಡಿನ ಹಂಗು ಅಷ್ಟಿಲ್ಲ.

ಐದಾರು ನಿಮಿಷಕ್ಕೆ ಸದ್ದು ಅರ್ಧಕ್ಕಿಳಿಯಿತು. ಇಂಜಿನ್ ನಿಲ್ಲಿಸಿ, ಆರಲು ಬಿಟ್ಟು, ಹತ್ತನೇ ನಂಬರ್ ಸ್ಪ್ಯಾನರಿನಿಂದ ಮ್ಯಾನಿಫೋಲ್ಡಿನ ನಟ್ಟುಗಳನ್ನು ಒಂದೊಂದಾಗಿ ಮೆಲ್ಲಗೆ ತಟ್ಟಿದೆ. ಎಲ್ಲವೂ ಟಣ್ ಎಂದವು. ನಾಲ್ಕನೇ ಸಿಲಿಂಡರಿನ ಕೊನೆಯದು ಮಾತ್ರ ಟಪ್ ಎಂದಿತು. ಬೆರಳಿಟ್ಟರೆ ಅಲುಗಾಡಿತು. ಅದರ ಸುತ್ತ ಕಾಡಿಗೆಯಂಥ ಕಪ್ಪು ಮಸಿ ಬೀಸಣಿಗೆಯ ಹಾಗೆ ಹರಡಿತ್ತು. ಸ್ಟಡ್ ಒಳಗೇ ಮುರಿದಿತ್ತು. ಬಿಸಿಗೆ ಮ್ಯಾನಿಫೋಲ್ಡ್ ಉದ್ದಕ್ಕೆ ಹಿಗ್ಗುವಾಗ ಎಳೆತ ಹೆಚ್ಚು ಬೀಳುವುದು ಎರಡೂ ತುದಿಯ ಸ್ಟಡ್‌ಗಳಿಗೆ. ಅವೇ ಮೊದಲು ಮುರಿಯುತ್ತವೆ.

ತಟ್ಟಿ ಕೇಳುವ ಈ ವಿದ್ಯೆ ಇಂಜಿನ್ನಿನಿಂದ ಹುಟ್ಟಿದ್ದಲ್ಲ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಆಂಡರ್ಸನ್‌ಪೇಟೆಯವರು, ಅವರ ತಂದೆ ಕೋಲಾರ ಚಿನ್ನದ ಗಣಿಯ (ಕೆಜಿಎಫ್) ಕಾರ್ಮಿಕರು. ಸಿಡಿಮದ್ದು ಹಾರಿಸಿದ ಮೇಲೆ ಒಳಗೆ ಕಾಲಿಡುವವನು ಮೊದಲು ಹಾರೆಯಿಂದ ತಲೆಯ ಮೇಲಿನ ಬಂಡೆಯನ್ನು ತಟ್ಟಬೇಕು. ಗಟ್ಟಿ ಬಂಡೆ ಗಂಟೆಯ ಹಾಗೆ ನುಡಿಯುತ್ತದೆ. ಸಡಿಲವಾದದ್ದು ಪೊಳ್ಳು ಡೋಲಿನ ಹಾಗೆ. ಊರುಗೋಲಾಗಿ ನಿಲ್ಲಿಸಿದ ಮರದ ಕಂಬ ಮುರಿಯುವ ಮುಂಚೆ ಕರಕರ ಎನ್ನುತ್ತದೆ. ಆ ಕರಕರ ಅವರಿಗೆ ಕಿರಿಕಿರಿಯಾಗಿರಲಿಲ್ಲ, ಓಡಲು ಸಿಕ್ಕ ಸಮಯವಾಗಿತ್ತು. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಹಾಕಿದಂದಿನಿಂದ 28 ಫೆಬ್ರವರಿ 2001ರಂದು ಬಾಗಿಲು ಮುಚ್ಚುವವರೆಗೆ, ಮೂರು ಕಿಲೋಮೀಟರಿಗೂ ಆಳಕ್ಕಿಳಿದ ಚಾಂಪಿಯನ್ ರೀಫ್‌ನಂಥ ಗಣಿಯಲ್ಲಿ, ಬಂಡೆ ಸಿಡಿದು ಸತ್ತವರು ಬಹಳ. ಬಂಡೆಯ ಒಳಗುದಿಯನ್ನು ಉಪಕರಣಗಳಿಂದ ಆಲಿಸುವ ಶಾಸ್ತ್ರವೇ ಇಲ್ಲಿ ಬೆಳೆಯಿತು. ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ 1988ರಲ್ಲಿ ಕೆಜಿಎಫ್‌ನಲ್ಲೇ ಶುರುವಾಯಿತು. ಕೇಳುವುದನ್ನು ಪ್ರಾಣ ಕೊಟ್ಟು ಕಲಿತ ಊರು ಇದು. ಆ ಊರಿನ ಪಕ್ಕದಲ್ಲೇ ಕೇಳದೆ ರಿಪೇರಿ ಮಾಡುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಹಳೆಯ ಓದುಗರು ಬಲ್ಲರು, ನಾನು ಮತ್ತೆ ಮತ್ತೆ ತೆಗೆದು ಓದುವ ಪುಸ್ತಕ ಇಂಜಿನ್ನಿನದಲ್ಲ, ವೈದ್ಯ ಲೆನೆಕ್ 1819ರಲ್ಲಿ ಪ್ರಕಟಿಸಿದ್ದು. 1816ರಲ್ಲಿ ಪ್ಯಾರಿಸ್ಸಿನಲ್ಲಿ ಅವನ ಬಳಿ ಹೃದಯದ ಕಾಯಿಲೆಯ ಲಕ್ಷಣವಿದ್ದ ಯುವತಿಯೊಬ್ಬಳು ಬಂದಳು. ಮೈ ತುಂಬಿಕೊಂಡಿದ್ದರಿಂದ ತಟ್ಟಿ ನೋಡಿದರೆ ಏನೂ ತಿಳಿಯಲಿಲ್ಲ. ಎದೆಗೆ ಕಿವಿಯಿಡಲು ಸಂಕೋಚ. ಆಗ ಅವನಿಗೊಂದು ಸಂಗತಿ ನೆನಪಾಯಿತಂತೆ: ಉದ್ದನೆಯ ಮರದ ತೊಲೆಯ ಒಂದು ತುದಿಯನ್ನು ಸೂಜಿಯಿಂದ ಗೀರಿದರೆ ಇನ್ನೊಂದು ತುದಿಗೆ ಕಿವಿಯಿಟ್ಟವನಿಗೆ ಸ್ಪಷ್ಟವಾಗಿ ಕೇಳುತ್ತದೆ. ಕಾಗದದ ಹಾಳೆಗಳನ್ನು ಬಿಗಿಯಾಗಿ ಸುರುಳಿ ಸುತ್ತಿ ಎದೆಗಿಟ್ಟು ಆಲಿಸಿದ. ಬರಿಯ ಕಿವಿಗೆ ಎಂದೂ ಕೇಳದಷ್ಟು ನಿಚ್ಚಳವಾಗಿ ಹೃದಯ ಕೇಳಿಸಿತು. ಆದರೆ ನಾನು ಅವನಿಗೆ ಕೈಮುಗಿಯುವುದು ಆ ಕೊಳವೆಗಲ್ಲ. ಅಲ್ಲಿಂದ ಮೂರು ವರ್ಷ ಅವನು ಬದುಕಿದ್ದವರ ಎದೆಯಲ್ಲಿ ಕೇಳಿದ ಸದ್ದನ್ನು, ತೀರಿಕೊಂಡವರ ದೇಹ ತೆರೆದಾಗ ಕಂಡದ್ದರ ಜೊತೆ ಹೋಲಿಸುತ್ತಾ ಕೂತ. ಅದಕ್ಕೆ.

ಕೆಲಸ ಕಲಿಯುವ ಹುಡುಗರು ಇದನ್ನು ಹಿಡಿಯಬೇಕು. ಗಾರ್ಡನ್ ಪೈಪಿನ ತುಂಡೋ ಉದ್ದನೆಯ ಸ್ಕ್ರೂಡ್ರೈವರೋ ಯಾರ ಬಳಿ ಇಲ್ಲ? ಬಿಚ್ಚುವ ಮುಂಚೆ ಸದ್ದನ್ನು ಬರೆದಿಡಿ, ಬಿಚ್ಚಿದ ಮೇಲೆ ಕಂಡದ್ದನ್ನು ಅದರ ಪಕ್ಕ ಬರೆಯಿರಿ. ನೂರು ಗಾಡಿಯಾದ ಮೇಲೆ ಆ ಪುಸ್ತಕ ಯಾವ ಸ್ಕ್ಯಾನರ್‌ಗೂ ಕಡಿಮೆಯಿಲ್ಲ. ಸ್ಕ್ಯಾನರ್ ನನಗೂ ಬೇಕು, ದಿನಾ ಬಳಸುತ್ತೇನೆ. ಆದರೆ ಸೆನ್ಸರ್ ಇಲ್ಲದ ಜಾಗದ ಸುದ್ದಿಯನ್ನು ಅದು ಎಲ್ಲಿಂದ ತರಬೇಕು? ಮುರಿದ ಸ್ಟಡ್ಡಿಗೆ ಸೆನ್ಸರ್ ಇಲ್ಲ.

ದಪ್ಪ ಆಯಿಲಿನವರಿಗೆ ಮತ್ತೊಮ್ಮೆ ಹೇಳುತ್ತೇನೆ: ಕಂಪನಿ ಹೇಳಿದ್ದಕ್ಕಿಂತ ದಪ್ಪ ಹಾಕಿದರೆ ಚಳಿಯ ಬೆಳಿಗ್ಗೆ ಅದು ಹೆಡ್ಡಿಗೆ ಏರುವುದು ತಡ, ಅಷ್ಟು ಹೊತ್ತು ರಾಕರ್ ಒಣಗಿ ಸವೆಯುತ್ತದೆ. ಟ್ಯಾಪೆಟ್ ಬಿಗಿ ಮಾಡಿ ಗಿರಾಕಿಗೆ ಸಮಾಧಾನ ಹೇಳುವುದು ಇನ್ನೂ ದೊಡ್ಡ ತಪ್ಪು. ಸಂದು ಇಲ್ಲದ ವಾಲ್ವ್ ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ, ತನ್ನ ಬಿಸಿಯನ್ನು ಸೀಟಿಗೆ ದಾಟಿಸಲಾಗದೆ ಸುಟ್ಟುಹೋಗುತ್ತದೆ. ಸ್ವಲ್ಪ ಸದ್ದಿರುವ ಟ್ಯಾಪೆಟ್ ಬದುಕಿರುವ ಟ್ಯಾಪೆಟ್. ಈ ಹುಡುಗನ ಗಾಡಿಯಲ್ಲಿ ಕವರ್ ಬಿಚ್ಚಿ ನೋಡಿದರೆ ಎರಡು ಎಗ್ಸಾಸ್ಟ್ ವಾಲ್ವ್‌ಗಳಲ್ಲಿ ಫೀಲರ್ ಗೇಜಿನ ತೆಳುವಾದ ಎಲೆಯೂ ತೂರಲಿಲ್ಲ. ಸ್ಟಡ್ ಮುರಿದದ್ದು ಕಬ್ಬಿಣದ ಸಹಜ ಗುಣ. ಇದು ಮಾತ್ರ ಕೈಯಾರೆ ತಂದುಕೊಂಡದ್ದು. ಇನ್ನೊಂದು ತಿಂಗಳು ಓಡಿದ್ದರೆ ನಿಜವಾಗಿಯೂ ಹೆಡ್ ಇಳಿಸಬೇಕಾಗುತ್ತಿತ್ತು.

ಮುರಿದ ಸ್ಟಡ್ಡಿನ ತಲೆಗೆ ನಟ್ ವೆಲ್ಡ್ ಮಾಡಿ ತಿರುಗಿಸಿ ತೆಗೆದೆವು. ಹೊಸ ಸ್ಟಡ್, ಹೊಸ ಪ್ಯಾಕಿಂಗ್ ಹಾಕಿ, ನಟ್ಟುಗಳನ್ನು ನಡುವಿನಿಂದ ಶುರುಮಾಡಿ ತುದಿಗಳ ಕಡೆಗೆ ಬಿಗಿದೆವು. ಆಯಿಲ್ ಬದಲಾಯಿಸಿ, ಪುಸ್ತಕ ಹೇಳಿದ ಅಳತೆಗೆ ಟ್ಯಾಪೆಟ್ ಸೆಟ್ ಮಾಡಿದೆವು. ಒಂದು ಎಚ್ಚರ ಎಲ್ಲರಿಗೂ: ಇದೆಲ್ಲ ಹಗುರ ಟಿಕ್ ಟಿಕ್ ಸದ್ದಿನ ಮಾತು. ಆಕ್ಸಲರೇಟರ್ ಒತ್ತಿದಾಗ ತಳದಿಂದ ಸುತ್ತಿಗೆಯಲ್ಲಿ ಗುದ್ದಿದಂಥ ಭಾರದ ಸದ್ದು ಬಂದರೆ ಕನೆಕ್ಟಿಂಗ್ ರಾಡಿನ ಬೇರಿಂಗ್ ಇರಬಹುದು. ಗಾಡಿಯನ್ನು ಅಲ್ಲೇ ನಿಲ್ಲಿಸಿ, ಎಳೆಸಿಕೊಂಡು ಹೋಗಿ.

ಮಧ್ಯಾಹ್ನ ಸ್ಟಾರ್ಟ್ ಮಾಡಿದಾಗ ಹುಡುಗ ಬಾನೆಟ್ ಮೇಲೆ ಬಗ್ಗಿ ಬಹಳ ಹೊತ್ತು ಕೇಳಿದ. ಆಮೇಲೆ ಮುಖ ಸಣ್ಣದು ಮಾಡಿಕೊಂಡು, “ಅಣ್ಣ, ಸಣ್ಣಗೆ ಚಿಟಿಚಿಟಿ ಅಂತಾನೇ ಇದೆಯಲ್ಲ?” ಎಂದ.

“ಅದು ಇಂಜೆಕ್ಟರ್ ಕೆಲಸ ಮಾಡೋ ಸದ್ದು. ಅದು ಇರ್ಲಿ” ಎಂದೆ. “ನಾಲ್ಕರಲ್ಲಿ ಒಂದು ಸುಮ್ಮನಾದ ದಿನ ನಂಗೆ ಫೋನ್ ಮಾಡು.”