‘ಚೋಮನ ದುಡಿ’: ತೆರೆಯ ಮೇಲಿನ ನಾದ, ಧರ್ಮಸಭೆಯ ಮುಂದಿನ ಪ್ರಶ್ನೆ

ಪ್ರಸಿದ್ಧ ಕೃತಿಯೊಂದು ಚಲನಚಿತ್ರವಾದಾಗ ಅದು ಮೂಲಕ್ಕೆ ಎಷ್ಟು ನಿಷ್ಠವೆಂದು ಅಳೆಯುವುದು ವಾಡಿಕೆ. ಘಟನೆಗಳನ್ನು ಎಣಿಸಿ ನೋಡುವ ಈ ಅಳತೆ ಸಾಲದು. ಮೂಲದ ನೋವು ಹೊಸ ಮಾಧ್ಯಮದಲ್ಲಿ ಯಾವ ರೂಪ ತಳೆಯಿತೆಂಬುದನ್ನು ವಿಮರ್ಶೆ ಕೇಳಬೇಕು. ಶಿವರಾಮ ಕಾರಂತರ 1933ರ ಕಾದಂಬರಿ ‘ಚೋಮನ ದುಡಿ’ಯನ್ನು ಬಿ.ವಿ. ಕಾರಂತರು 1975ರಲ್ಲಿ ತೆರೆಗೆ ತಂದರು. ಚಿತ್ರಕ್ಕೆ ಸ್ವರ್ಣಕಮಲವೂ ಚೋಮನ ಪಾತ್ರ ವಹಿಸಿದ ಎಂ.ವಿ. ವಾಸುದೇವರಾಯರಿಗೆ ರಾಷ್ಟ್ರದ ಶ್ರೇಷ್ಠ ನಟ ಪ್ರಶಸ್ತಿಯೂ ಲಭಿಸಿದವು. ಈ ಕಥೆಯೊಳಗೆ ಕ್ರೈಸ್ತರಾದ ನಾವೂ ಇದ್ದೇವೆ. ಆದುದರಿಂದ ಅದರ ವಿಮರ್ಶೆ ನಮ್ಮ ಆತ್ಮಶೋಧನೆಯೂ ಹೌದು.

ದಲಿತ ಜೀತದಾಳಾದ ಚೋಮನಿಗೆ ಒಂದೇ ಹಂಬಲ: ತುಂಡು ನೆಲವನ್ನು ತಾನೇ ಉಳಬೇಕು. ಎತ್ತುಗಳಿವೆ; ಆದರೆ ಅವನ ಜಾತಿಗೆ ಬೇಸಾಯದ ಹಕ್ಕಿಲ್ಲ. ಒಬ್ಬ ಮಗ ಕ್ರೈಸ್ತನಾಗುತ್ತಾನೆ. ಮತಾಂತರಗೊಂಡರೆ ಭೂಮಿ ದೊರೆಯುವ ದಾರಿ ಚೋಮನಿಗೂ ಕಾಣುತ್ತದೆ. ತನ್ನ ದೈವವನ್ನು ತೊರೆಯಲಾರದೆ ಅವನು ಹಿಂದೆ ಸರಿಯುತ್ತಾನೆ. ಇತ್ತ ಮಗಳು ಬೆಳ್ಳಿಯ ಬಾಳು ಕೆಡುವುದರಲ್ಲಿ ತೋಟದ ಕ್ರೈಸ್ತ ರೈಟರ್ ಮನ್ವೇಲನ ಪಾಲೂ ಇದೆ.

ಕಾದಂಬರಿಕಾರರು ಚೋಮನ ಒಳತೋಟಿಯನ್ನು ಮಾತಿನಲ್ಲಿ ಬಿಡಿಸಿಡಬಲ್ಲರು. ಚಿತ್ರಕ್ಕೆ ಆ ಸೌಲಭ್ಯವಿಲ್ಲ. ಮುಖ, ನಡಿಗೆ, ಮೌನಗಳೇ ಅದನ್ನು ಹೊರಬೇಕು. ಹೀಗಾಗಿ ಅವನ ಭಕ್ತಿಯ ತೊಳಲಾಟ ತೆರೆಯ ಮೇಲೆ ತುಸು ತೆಳುವಾಗುತ್ತದೆ. ಈ ನಷ್ಟವನ್ನು ದುಡಿ ತುಂಬಿಕೊಡುತ್ತದೆ. ಓದುವಾಗ ಊಹಿಸಿಕೊಂಡ ದನಿ ಇಲ್ಲಿ ಎದೆಗೇ ಬಡಿಯುತ್ತದೆ. ಕೊನೆಗೆ ಎತ್ತುಗಳನ್ನು ಕಾಡಿಗಟ್ಟಿ, ಬಾಗಿಲು ಮುಚ್ಚಿ, ಪ್ರಾಣ ಹೋಗುವವರೆಗೆ ಚೋಮನು ದುಡಿ ಬಾರಿಸುತ್ತಾನೆ. ಪವಿತ್ರ ಗ್ರಂಥದ ಬಹುತೇಕ ಪ್ರಲಾಪ ಕೀರ್ತನೆಗಳು ಭರವಸೆಯತ್ತ ತಿರುಗುತ್ತವೆ. 88ನೆಯ ಕೀರ್ತನೆ ಮಾತ್ರ ಕತ್ತಲಲ್ಲೇ ಮುಗಿಯುತ್ತದೆ. ಚೋಮನ ದುಡಿ ಅದರ ಸಾಲಿಗೆ ಸೇರಿದ್ದು.

ಚೋಮನು ನಮ್ಮಲ್ಲಿಗೆ ಬರಲಿಲ್ಲವೆಂದು ಮರುಗುವುದು ಸುಲಭ. ಅವನ ಹಕ್ಕಾಗಿದ್ದ ಭೂಮಿ ಜ್ಞಾನಸ್ನಾನದ ಬೆಲೆಯಾಗಿ ಅವನ ಮುಂದೆ ನಿಂತಿತಲ್ಲ, ಅದಕ್ಕಾಗಿ ನಾವು ಮರುಗಬೇಕು. ಬಲವಂತದಿಂದಾಗಲಿ ಆಮಿಷದಿಂದಾಗಲಿ ಯಾರನ್ನೂ ವಿಶ್ವಾಸಕ್ಕೆ ಎಳೆಯಬಾರದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ಪಷ್ಟಪಡಿಸಿತು. ಹಿಂದಿರುಗಿದ ಚೋಮನ ಹೆಜ್ಜೆಗಳಲ್ಲಿ ಆ ಬೋಧನೆಯ ಗಾಂಭೀರ್ಯವಿದೆ.

ಇದು ಕರಾವಳಿಯ ಕಥೆ. ಆದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ನಮ್ಮ ಬಯಲುಸೀಮೆಗೂ ಇದು ಹೊರತಲ್ಲ. ಇಲ್ಲಿ ದುಡಿಯ ಬದಲು ತಮಟೆಯಿದೆ. ಈ ಜಿಲ್ಲೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ನಾವೆಲ್ಲರೂ ಹಿಗ್ಗಿದೆವು. ವಾದ್ಯಕ್ಕೆ ಮನ್ನಣೆ ಬಂತು. ಅದನ್ನು ಬಾರಿಸುವ ಕೈಗಳಿಗೆ ನೆಲ ದಕ್ಕಿದೆಯೇ? ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರಭಾರೆಯಾಗದಂತೆ ತಡೆಯಲು 1978ರಲ್ಲಿ ರಾಜ್ಯವು ಕಾಯ್ದೆಯನ್ನೇ ತರಬೇಕಾಯಿತು.

ನಮ್ಮ ಧರ್ಮಕೇಂದ್ರಗಳಲ್ಲಿ ಈ ಚಿತ್ರವನ್ನು ತೋರಿಸಿ ಚರ್ಚಿಸುವುದು ಒಳಿತು. ಅಲ್ಲಿ ಎತ್ತಬೇಕಾದ ಪ್ರಶ್ನೆ ಇದು: ನಾಬೋತನ ದ್ರಾಕ್ಷಿತೋಟಕ್ಕಾಗಿ ಅರಸನೆದುರು ನಿಂತ ಎಲೀಯನಂತೆ, ನೆರೆಯವನ ಧರ್ಮ ಯಾವುದೆಂದು ವಿಚಾರಿಸದೆ, ಅವನ ನೆಲಕ್ಕಾಗಿ ನಾವು ನಿಲ್ಲಬಲ್ಲೆವೇ?