ಹಳದಿ ಬಿಸಾಕುವ ಹುಡುಗರು

1964ರಲ್ಲಿ ಅಮೆರಿಕದ ಅಂಗಡಿಗಳಿಗೆ ಬಂದ ‘ಜಿ.ಐ. ಜೋ’ ಎಂಬ ಸೈನಿಕ ಗೊಂಬೆಯನ್ನು ಆಳೆತ್ತರಕ್ಕೆ ಹಿಗ್ಗಿಸಿದರೆ ಅದರ ತೋಳಿನ ಸುತ್ತಳತೆ ಸುಮಾರು 12 ಇಂಚು. 1990ರ ದಶಕದಲ್ಲಿ ಅದೇ ಹೆಸರಿನಲ್ಲಿ ಬಂದ ಗೊಂಬೆಗೆ ಅದು 26 ಇಂಚು ದಾಟಿತ್ತು. ಹಾರ್ವರ್ಡ್‌ನ ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತು ಸಂಗಡಿಗರು ಗೊಂಬೆಗಳನ್ನೇ ಅಳೆದು 1999ರಲ್ಲಿ ಪ್ರಕಟಿಸಿದ ಲೆಕ್ಕ ಇದು.

ಮರುವರ್ಷ ಅವರು ಗೊಂಬೆ ಬಿಟ್ಟು ಹುಡುಗರ ಕಡೆ ತಿರುಗಿದರು. ಅಮೆರಿಕ, ಫ್ರಾನ್ಸ್, ಆಸ್ಟ್ರಿಯಾದ ಕಾಲೇಜು ವಯಸ್ಸಿನ ಗಂಡುಮಕ್ಕಳಿಗೆ ದೇಹದ ಚಿತ್ರಗಳನ್ನು ತೋರಿಸಿ, ಹೇಗಿರಲು ಇಷ್ಟ ಎಂದು ಕೇಳಿದರು. ಮೂರೂ ದೇಶದವರು ಆರಿಸಿದ್ದು ತಮಗಿಂತ ಸರಾಸರಿ 13 ಕೆ.ಜಿ. ಹೆಚ್ಚು ಸ್ನಾಯು ಇರುವ ಮೈಯನ್ನು. ಹೆಣ್ಣುಮಕ್ಕಳಿಗೂ ಅಂಥದ್ದೇ ಬೇಕು ಎಂದು ಆ ಹುಡುಗರು ನಂಬಿದ್ದರು. ಹೆಣ್ಣುಮಕ್ಕಳನ್ನು ಕೇಳಿದಾಗ ಅವರು ತೋರಿಸಿದ್ದು ಸಾಧಾರಣ ಮೈಕಟ್ಟನ್ನು.

ನಮ್ಮಲ್ಲಿ ‘ಸಿಕ್ಸ್ ಪ್ಯಾಕ್’ ಮನೆಮಾತಾಗಲು 2007ರ ‘ಓಂ ಶಾಂತಿ ಓಂ’ ಚಿತ್ರದಲ್ಲಿ ಶಾರುಖ್ ಖಾನ್ ತೋರಿಸಿದ ಹೊಟ್ಟೆಯ ಪಾಲು ದೊಡ್ಡದು. ಈಗ ಅದಕ್ಕೆ ಸಿನಿಮಾವೂ ಬೇಡ, ಅಂಥ ಹೊಟ್ಟೆಗಳು ದಿನವಿಡೀ ಮೊಬೈಲಿನಲ್ಲೇ ಹಾದುಹೋಗುತ್ತವೆ.

ಜಿಮ್‌ಗೆ ಹೋಗುವುದೇ ತಪ್ಪು ಎನ್ನುವ ಹಿರಿಯರ ಮಾತನ್ನು ಈ ಅಂಕಣ ಒಪ್ಪುವುದಿಲ್ಲ. ಇಪ್ಪತ್ತರ ಹುಡುಗ ಭಾರ ಎತ್ತಲಿ, ದಂಡ-ಬಸ್ಕಿ ಹೊಡೆಯಲಿ. ಮೂಳೆಗೂ ಒಳ್ಳೆಯದು, ನಿದ್ದೆಗೂ ಒಳ್ಳೆಯದು. ಎಡವಟ್ಟಾಗುತ್ತಿರುವುದು ತಟ್ಟೆಯಲ್ಲಿ. ಹಾಸ್ಟೆಲ್ ಮೆಸ್‌ನಲ್ಲಿ ಬೆಳಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ-ತಿಳಿಸಾರು, ರಾತ್ರಿ ಮತ್ತೆ ಅನ್ನ. ಹೊಟ್ಟೆ ಕರಗಿಸಬೇಕೆಂದು ಹುಡುಗ ಆ ಅನ್ನವನ್ನೂ ಬಿಡುತ್ತಾನೆ. ಮೊಟ್ಟೆ ಸುಲಿದು ಬಿಳಿ ಭಾಗ ಮಾತ್ರ ತಿಂದು, ನಾಲ್ಕು ಹಳದಿ ಉಂಡೆಗಳನ್ನು ತಟ್ಟೆಯಂಚಿಗೆ ತಳ್ಳಿ ಕೈ ತೊಳೆಯುತ್ತಾನೆ. ಮೊಟ್ಟೆಯ ಪ್ರೋಟೀನಿನಲ್ಲಿ ಐದರಲ್ಲಿ ಎರಡು ಪಾಲು ಆ ಹಳದಿಯಲ್ಲೇ ಇದೆ; ಎ ಮತ್ತು ಡಿ ಜೀವಸತ್ವಗಳೂ ಅಲ್ಲೇ. ಆಮೇಲೆ ಸಾವಿರಾರು ರೂಪಾಯಿ ಕೊಟ್ಟು ಡಬ್ಬದ ಪುಡಿ ತರುತ್ತಾನೆ.

ಲೆಕ್ಕ ಹಾಕಿ ನೋಡಿ. ಭಾರ ಎತ್ತುವವರಿಗೂ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಸಾಕು, ಅದಕ್ಕಿಂತ ಹೆಚ್ಚು ತಿಂದರೆ ಸ್ನಾಯು ಹೆಚ್ಚುವುದಿಲ್ಲ ಎಂದು 49 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ 2018ರ ವಿಶ್ಲೇಷಣೆ ಹೇಳಿತು. 60 ಕೆ.ಜಿ. ಹುಡುಗನಿಗೆ ಇದು 96 ಗ್ರಾಂ. ನಾಲ್ಕು ಇಡೀ ಮೊಟ್ಟೆಯಲ್ಲಿ 24, ಅರ್ಧ ಲೀಟರ್ ಹಾಲಿನಲ್ಲಿ 16, ಐವತ್ತು ಗ್ರಾಂ ಶೇಂಗಾದಲ್ಲಿ 12, ಅಷ್ಟೇ ಹುರುಳಿಕಾಳಿನಲ್ಲಿ 11. ಉಳಿದದ್ದನ್ನು ಮೂರು ಹೊತ್ತಿನ ಅನ್ನ, ಮುದ್ದೆ, ಗಟ್ಟಿ ಬೇಳೆ ಹೆಚ್ಚುಕಡಿಮೆ ತುಂಬಿಕೊಡುತ್ತವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ 2024ರ ಮಾರ್ಗಸೂಚಿಯಲ್ಲಿ, ಮೈ ಬೆಳೆಸಲೆಂದು ಪ್ರೋಟೀನ್ ಪುಡಿಗೆ ಮೊರೆಹೋಗಬೇಡಿ ಎಂದಿದೆ.

ಪುಡಿಯಿಂದ ಸೂಜಿಗೆ ದಾಟುವವರ ವಿಷಯ ಇನ್ನೂ ಗಂಭೀರ. ಸ್ನಾಯು ಬೆಳೆಸುವ ಸ್ಟೀರಾಯ್ಡ್ ಹೊರಗಿನಿಂದ ಬಂದೊಡನೆ ದೇಹ ತನ್ನ ಟೆಸ್ಟೋಸ್ಟಿರಾನ್ ತಯಾರಿಕೆ ನಿಲ್ಲಿಸುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣು ಇಳಿಯುತ್ತದೆ, ಹೃದಯದ ಗೋಡೆ ದಪ್ಪವಾಗುತ್ತದೆ. ವೈದ್ಯರ ಚೀಟಿಯಿಲ್ಲದೆ ಈ ಸ್ಟೀರಾಯ್ಡ್ ಮಾರುವುದು ಅಪರಾಧ.

ಎಷ್ಟು ಬೆಳೆದರೂ ತಾನು ಸಣಕಲ ಎಂದೇ ಕೊರಗುವವನಿಗೆ ಬುದ್ಧಿವಾದ ನಾಟುವುದಿಲ್ಲ. ಅದು ಕಾಯಿಲೆ. ಪೋಪ್ ತಂಡ 1997ರಲ್ಲಿ ಇದನ್ನು ‘ಮಸಲ್ ಡಿಸ್ಮಾರ್ಫಿಯಾ’ ಎಂದು ಕರೆಯಿತು; 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯೂ ಇದಕ್ಕೆ ಜಾಗ ಕೊಟ್ಟಿತು. ಊಟದ ಭಯಕ್ಕೆ ಅಕ್ಕನ ಮದುವೆಗೇ ತಪ್ಪಿಸಿಕೊಳ್ಳುವುದು, ಭುಜ ನೋಯುತ್ತಿದ್ದರೂ ಭಾರ ಎತ್ತುವುದು, ಸೆಕೆಯಲ್ಲೂ ದೊಗಲೆ ಅಂಗಿ ಬಿಚ್ಚದಿರುವುದು ಇದರ ಗುರುತುಗಳು.

ಇಂಥ ಹುಡುಗ ಮನೆಯಲ್ಲೋ ಪಕ್ಕದ ರೂಮಿನಲ್ಲೋ ಇದ್ದರೆ ‘ಶೋಕಿ’ ಎಂದು ಹಂಗಿಸದೆ ಜೊತೆಯಲ್ಲಿ ಕೂತು ಮಾತಾಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಕರೆ ಮಾಡಬಹುದು. ಕರೆ ಉಚಿತ, ಇಪ್ಪತ್ನಾಲ್ಕು ತಾಸೂ ಲಭ್ಯ.