ವಡಪಳನಿ ವನವಾಸವಲ್ಲ

ಕನ್ನಡ ಸಿನಿಮಾದ ಚರಿತ್ರೆಯನ್ನು ನಾವು ರಾಮಾಯಣದ ಧಾಟಿಯಲ್ಲೇ ಹೇಳಿಕೊಂಡು ಬಂದಿದ್ದೇವೆ. 1934ರ 'ಸತಿ ಸುಲೋಚನಾ'ದಿಂದ ಆರಂಭ, ಆಮೇಲೆ ಮದರಾಸಿನ ಸ್ಟುಡಿಯೋಗಳಲ್ಲಿ ದೀರ್ಘ ವನವಾಸ, ಎಪ್ಪತ್ತರ ದಶಕದಲ್ಲಿ ಬೆಂಗಳೂರಿಗೆ ಮರಳಿ ಪಟ್ಟಾಭಿಷೇಕ. ಈ ಕಥನದಲ್ಲಿ ವಡಪಳನಿಯ ಹೆಸರು ಬಂದರೆ ಅದು ಅವಮಾನದ ನೆನಪಾಗಿ ಮಾತ್ರ: ತಮಿಳರು, ತೆಲುಗರು ಬಿಟ್ಟ ಫ್ಲೋರು, ಅವರೇ ಬಳಸಿ ಬಿಟ್ಟ ಸೆಟ್ಟು, ಅವರ ಕಥೆಯ ರೀಮೇಕು. ಇದು ಪೂರ್ತಿ ಸುಳ್ಳೇನಲ್ಲ. ಆದರೆ ನಮ್ಮ ಅಭಿಮಾನಕ್ಕೆ ಹಿತವಾಗಿರುವ ಈ ಕಥೆ ಆ ಕಾಲದ ಚಿತ್ರಗಳಿಗೆ ಅನ್ಯಾಯ ಮಾಡುತ್ತದೆ ಎಂಬುದು ನನ್ನ ತಕರಾರು.

ಮದರಾಸು ಮಹಾನಗರವಾಗಿದ್ದರೂ ಚಿತ್ರರಂಗದ ವಡಪಳನಿ ಒಂದು ಸಣ್ಣ ಊರೇ ಆಗಿತ್ತು. ಎ.ವಿ.ಮೇಯಪ್ಪನ್ 1948ರಲ್ಲಿ ಕಾರೈಕುಡಿಯಿಂದ ಎವಿಎಂ ಅನ್ನು ಇಲ್ಲಿಗೆ ತಂದರು. ನಾಗಿರೆಡ್ಡಿ–ಚಕ್ರಪಾಣಿ ಜೋಡಿಯ ವಿಜಯಾ-ವಾಹಿನಿಯೂ ಇಲ್ಲೇ ಬೆಳೆಯಿತು. ಬಡಗಿಗಳು, ಲೈಟ್‌ಬಾಯ್‌ಗಳು, ಪಿಟೀಲು ನುಡಿಸುವವರು ಬೆಳಿಗ್ಗೆ ಒಂದು ಭಾಷೆಗೆ, ಸಂಜೆ ಇನ್ನೊಂದಕ್ಕೆ ದುಡಿದ ಊರು ಅದು. ಅದರೊಳಗೆ ಇನ್ನೂ ಸಣ್ಣದೊಂದು ಕನ್ನಡದ ಊರಿತ್ತು. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ.ಅಯ್ಯರ್, ಹುಣಸೂರು ಕೃಷ್ಣಮೂರ್ತಿ ಇವರೆಲ್ಲ ನಾಟಕ ಕಂಪನಿಗಳಿಂದ ಬಂದವರು. ಈ ಜನ ಬರೀ ಶೂಟಿಂಗಿಗೆ ಬಂದು ಹೋಗುತ್ತಿರಲಿಲ್ಲ, ಮದರಾಸಿನಲ್ಲೇ ಸಂಸಾರ ಹೂಡಿದರು. ರಾಜ್‌ಕುಮಾರ್ ಅವರ ಮಕ್ಕಳಲ್ಲಿ 1962ರ ಶಿವರಾಜ್‌ಕುಮಾರ್ ಹುಟ್ಟಿದ್ದೂ ಆ ನಗರದಲ್ಲೇ, 1975ರ ಪುನೀತ್ ಹುಟ್ಟಿದ್ದೂ ಅಲ್ಲೇ.

ಮೊದಲನೇ ಆರೋಪ ಎರವಲಿನದು. ಲೆಕ್ಕ ತೆಗೆದರೆ ಕೊಟ್ಟಿದ್ದೂ ಕಾಣುತ್ತದೆ. ಮೇಯಪ್ಪನ್ ನಿರ್ಮಿಸಿ ಆರ್.ನಾಗೇಂದ್ರರಾವ್ ನಿರ್ದೇಶಿಸಿದ 1943ರ ಕನ್ನಡ 'ಹರಿಶ್ಚಂದ್ರ' ಮರುವರ್ಷವೇ ತಮಿಳಿಗೆ ಡಬ್ ಆಯಿತು. ದಕ್ಷಿಣದಲ್ಲಿ ಡಬ್ಬಿಂಗ್ ಶುರುವಾದದ್ದೇ ಅದರಿಂದ ಎನ್ನುತ್ತಾರೆ. 1954ರ 'ಬೇಡರ ಕಣ್ಣಪ್ಪ' ಅದೇ ವರ್ಷ ತೆಲುಗಿಗೆ ಹೋಯಿತು, ರಾಜ್‌ಕುಮಾರ್ ಅವರನ್ನೇ ನಾಯಕನನ್ನಾಗಿ ಇಟ್ಟುಕೊಂಡು. ಬಿ.ಆರ್.ಪಂತುಲು ಅವರ 'ಸ್ಕೂಲ್ ಮಾಸ್ಟರ್' (1958) ತಮಿಳು, ಹಿಂದಿ, ಮಲಯಾಳ, ತೆಲುಗು ಎಲ್ಲವನ್ನೂ ಸುತ್ತಿತು. ರೀಮೇಕಿನ ಬಗ್ಗೆ ಗೊಣಗುವವರು ಈ ಸಾಲನ್ನು ಯಾಕೆ ಓದಿ ಹೇಳುವುದಿಲ್ಲ?

ಎರಡನೇ ಆರೋಪ ಇನ್ನೂ ಗಂಭೀರವಾದದ್ದು: ಈ ಚಿತ್ರಗಳಿಗೆ ಕನ್ನಡತನವಿಲ್ಲ ಎಂಬುದು. 1965ರ 'ಸತ್ಯ ಹರಿಶ್ಚಂದ್ರ'ವನ್ನೇ ಎದುರಿಗಿಟ್ಟು ನೋಡೋಣ. ವಿಜಯಾ ಸಂಸ್ಥೆಯ ಚಿತ್ರ. ಅದೇ ವರ್ಷ ಅದೇ ಸಂಸ್ಥೆ ಎನ್.ಟಿ.ರಾಮರಾವ್ ಅವರನ್ನಿಟ್ಟುಕೊಂಡು ತೆಲುಗಿನಲ್ಲೂ ಅದನ್ನು ಮಾಡಿತು. ತೆಲುಗಿನದು ಸೋತಿತು, ಕನ್ನಡದ್ದು ಗೆದ್ದಿತು. ಸ್ಮಶಾನದ ವೀರಬಾಹು ಕುಡಿದ ಅಮಲಿನಲ್ಲಿ ಕುಲದ ಮೇಲು-ಕೀಳನ್ನು ಲೇವಡಿ ಮಾಡಿ ಕುಣಿಯುವ ಹಾಡನ್ನು ನೆನಪಿಸಿಕೊಳ್ಳಿ. ಹಾಡಿದ್ದು ಘಂಟಸಾಲ, ರಾಗ ಹಾಕಿದ್ದು ಪೆಂಡ್ಯಾಲ ನಾಗೇಶ್ವರರಾವ್, ಇಬ್ಬರೂ ತೆಲುಗರು. ಬರೆದದ್ದು ಹುಣಸೂರು, ಕುಣಿದದ್ದು ಮೈಸೂರಿನ ಪೈಲ್ವಾನ ಎಂ.ಪಿ.ಶಂಕರ್. ಘಂಟಸಾಲರ ಗಂಟಲಲ್ಲಿ ಕನ್ನಡದ ಒತ್ತು ಅಲ್ಲಲ್ಲಿ ತೆಲುಗಿನತ್ತ ವಾಲುತ್ತದೆ, ನಿಜ. ಆದರೂ ಶಂಕರ್ ಅವರ ಭಾರೀ ಮೈ ತಾಳಕ್ಕೆ ಸಿಕ್ಕಿ ಓಲಾಡುವಾಗ ಆ ಒಡ್ಡುದನಿಯೇ ಪಾತ್ರಕ್ಕೆ ಒಪ್ಪುತ್ತದೆ. ಊರ ಜಾತ್ರೆಯ ಆರ್ಕೆಸ್ಟ್ರಾದಿಂದ ಜಾತಿವಿರೋಧಿ ಸಭೆಯವರೆಗೆ ಈ ಹಾಡನ್ನು ತನ್ನದೆಂದುಕೊಂಡ ಕನ್ನಡಿಗ, ಅದು ವಡಪಳನಿಯ ಬೆರಕೆ ಬೆಳೆ ಎಂದು ಒಮ್ಮೆಯೂ ಅನುಮಾನಪಟ್ಟಿಲ್ಲ. ವಿಮರ್ಶಕರಿಗಿಂತ ಅವನ ಕಿವಿ ಚುರುಕು.

ಹಾಗಾದರೆ ಆ ಕಾಲದ ಚಿತ್ರಗಳಲ್ಲಿ ದೋಷವೇ ಇಲ್ಲವೇ? ಬೇಕಾದಷ್ಟಿದೆ. ಬಣ್ಣ ಬಳಿದ ಚಂದಿರ, ಪ್ಲಾಸ್ಟರ್ ಬಂಡೆ, ಮೈಕಿನತ್ತ ಮುಖ ಮಾಡಿ ಒಪ್ಪಿಸುವ ಸಂಭಾಷಣೆ, ಪ್ರೇಕ್ಷಕ ಮೂರನೇ ಸಾಲಿನ ಕುರ್ಚಿಯಲ್ಲಿ ಕೂತಿದ್ದಾನೆ ಎಂಬಂತೆ ಕದಲದೆ ನಿಂತ ಕ್ಯಾಮೆರಾ. ಇವುಗಳನ್ನು ಸಮರ್ಥಿಸಲು ನಾನು ತಯಾರಿಲ್ಲ. ಆದರೆ ಇದರಲ್ಲಿ ಬಹುಪಾಲು ಮದರಾಸಿನ ಕಾಣಿಕೆಯಲ್ಲ. ನಮ್ಮ ಕಂಪನಿ ನಾಟಕದ ಪರದೆ, ಸೀನರಿ, ಕಂದ-ವೃತ್ತಗಳ ವರಸೆಯನ್ನು ನಾವೇ ರೈಲಿಗೆ ಹಾಕಿಕೊಂಡು ಹೋದದ್ದು. 'ಸತಿ ಸುಲೋಚನಾ'ವನ್ನು ಕೋಲ್ಹಾಪುರದಲ್ಲಿ ಚಿತ್ರೀಕರಿಸಿದಾಗಲೂ ನಾವು ನಾಟಕವನ್ನೇ ಚಿತ್ರೀಕರಿಸಿದ್ದೆವು. ಸ್ವಂತ ಸಾಮಾನಿನ ತಪ್ಪನ್ನು ಬಾಡಿಗೆ ಮನೆಯ ಮೇಲೆ ಹಾಕುವುದು ಪ್ರಾಮಾಣಿಕ ವಿಮರ್ಶೆಯಲ್ಲ.

ಇಲ್ಲಿ ಎದುರಾಳಿಗಳು ಪುಟ್ಟಣ್ಣ ಕಣಗಾಲರನ್ನು ಮುಂದೆ ತರುತ್ತಾರೆ. 'ಬೆಳ್ಳಿಮೋಡ' (1967) ಚಿಕ್ಕಮಗಳೂರಿನ ಬೆಟ್ಟಕ್ಕೆ ಹೋದಾಗಲೇ ಕನ್ನಡ ಸಿನಿಮಾ ಮಣ್ಣು ಮುಟ್ಟಿತು ಎಂಬ ಮಾತು. ಅದು ನನಗೂ ಪ್ರಿಯವಾದ ಚಿತ್ರ. ಆ ಬೆಟ್ಟಗಳನ್ನು ಯಾವ ಫ್ಲೋರೂ ಕೊಡಲಾರದು. ಆದರೆ ಪುಟ್ಟಣ್ಣ ಕಸುಬು ಕಲಿತದ್ದು ಮದರಾಸಿನಲ್ಲಿ, ಪಂತುಲು ಅವರ ಸಹಾಯಕರಾಗಿ. ಬೆಟ್ಟಕ್ಕೆ ಹೋಗಿ ಏನು ಮಾಡಬೇಕೆಂದು ತಿಳಿದಿದ್ದು ಆ ಫ್ಲೋರಿನ ಶಿಸ್ತಿನಿಂದ.

ಹೊಸ ಅಲೆಯ ವಾದಿಗಳಿಗಂತೂ 'ಸಂಸ್ಕಾರ' (1970) ನುಂಗಲಾರದ ತುತ್ತಾಗಬೇಕು. ಸ್ಟುಡಿಯೋ ಸಿನಿಮಾಕ್ಕೆ ತಿಲಾಂಜಲಿಯಿಟ್ಟ, ಮಲೆನಾಡಿನ ಅಗ್ರಹಾರದಲ್ಲಿ ಚಿತ್ರೀಕರಿಸಿದ, ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದ ಈ ಚಿತ್ರ ಕಣ್ಣು ಬಿಟ್ಟದ್ದು ಎಲ್ಲಿ? ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗು ಕವಿ, ಮೊದಲು ತೆಲುಗು ಚಿತ್ರಗಳ ನಿರ್ಮಾಪಕ. ನಾಯಕನಾಗಿ ನಟಿಸಿದ ಗಿರೀಶ ಕಾರ್ನಾಡರು ಆಗ ಮದರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಲ್ಲಿದ್ದವರು, ಮದ್ರಾಸ್ ಪ್ಲೇಯರ್ಸ್ ತಂಡದಲ್ಲಿ ನಾಟಕವಾಡುತ್ತಿದ್ದವರು. ಕಲಾ ನಿರ್ದೇಶನ ಮದರಾಸಿನ ಚೋಳಮಂಡಲ ಕಲಾಗ್ರಾಮದ ಎಸ್.ಜಿ.ವಾಸುದೇವ್ ಅವರದು. ವಡಪಳನಿಯ ವಿರುದ್ಧ ಬಂಡೆದ್ದ ಚಿತ್ರವೂ ಅದೇ ನಗರದ ಇನ್ನೊಂದು ಓಣಿಯಿಂದ ಬಂತು. ಬೆಂಗಳೂರಿಗೆ ಮರಳಿದ್ದರಿಂದ ಕಲೆ ಹುಟ್ಟಿತು ಎಂಬ ವಾದ ಇಲ್ಲಿ ಕುಸಿಯುತ್ತದೆ.

ಮರಳಿದ್ದರಿಂದ ಬಂದ ಲಾಭ ಬೇರೆ. ಕರ್ನಾಟಕದಲ್ಲೇ ತಯಾರಾದ ಚಿತ್ರಗಳಿಗೆ ಸರಕಾರದ ಸಹಾಯಧನ ಸಿಕ್ಕಿತು, ಕನ್ನಡದ ಹುಡುಗರಿಗೆ ಕ್ಯಾಮೆರಾ, ಎಡಿಟಿಂಗ್ ಕೈಗೆಟುಕಿತು. ಅದು ಆಗಲೇಬೇಕಿತ್ತು. ಉದ್ಯಮದ ಗೆಲುವನ್ನು ಕಲೆಯ ಗೆಲುವೆಂದು ಬರೆದುಕೊಂಡದ್ದಷ್ಟೇ ನಮ್ಮ ಎಡವಟ್ಟು.

ಈಗ ವಾಹಿನಿಯ ಜಾಗದಲ್ಲಿ ವಿಜಯಾ ಹೆಸರಿನ ಮಾಲ್ ಇದೆ. ಎವಿಎಂ 2023ರಲ್ಲಿ ವಸ್ತುಸಂಗ್ರಹಾಲಯ ತೆರೆದಿದೆ. ಚೆನ್ನೈ ಈ ಪರಂಪರೆಯನ್ನು ತಮಿಳಿನದೆಂದು, ಹೆಚ್ಚೆಂದರೆ ತೆಲುಗಿನದೂ ಎಂದು ಹೇಳಿಕೊಳ್ಳುತ್ತದೆ. ಅದನ್ನು ದೂರುವ ಹಕ್ಕು ನಮಗಿಲ್ಲ, ನಮ್ಮ ಪಾಲನ್ನು ಬಿಟ್ಟುಕೊಟ್ಟವರು ನಾವೇ. ಇಂದು ಕನ್ನಡ ಚಿತ್ರವೊಂದು ಹೈದರಾಬಾದಿನಲ್ಲಿ ಸೆಟ್ ಹಾಕಿ, ಮುಂಬೈಯಲ್ಲಿ ಗ್ರಾಫಿಕ್ಸ್ ಮಾಡಿಸಿ, ಐದು ಭಾಷೆಗಳಲ್ಲಿ ತೆರೆಕಂಡರೆ ಪ್ಯಾನ್ ಇಂಡಿಯಾ ಎಂದು ಪಟಾಕಿ ಹಚ್ಚುತ್ತೇವೆ. ಹುಣಸೂರು, ಪಂತುಲು ಅದನ್ನೇ ಅರವತ್ತು ವರ್ಷ ಹಿಂದೆ ಮಾಡಿದಾಗ ಪರಾವಲಂಬನೆ ಎನ್ನುತ್ತೇವೆ. ಎರಡೂ ಮಾತು ಒಟ್ಟಿಗೆ ಸರಿಯಾಗಿರಲು ಸಾಧ್ಯವಿಲ್ಲ.